ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಘಟಕ ಓಡುತ್ತಿರುವಾಗಲೇ ಕೇಳಿ ಪಡೆಯಿರಿ

ಈ ಸಲದ ಪ್ರಶ್ನೆಗಳೆಲ್ಲ ತೈಲ ಸಂಸ್ಕರಣಾಗಾರದ, ಅಂದರೆ ರಿಫೈನರಿಯ ಕೆಲಸಗಾರರಿಂದ ಮತ್ತು ಅವರ ಮನೆಯವರಿಂದ ಬಂದವು. ಜಗತ್ತು ಹಸಿರು ಇಂಧನದ ಕಡೆ ಹೊರಟಿರುವಾಗ ನಮ್ಮ ಗತಿ ಏನು ಎಂಬುದೇ ಎಲ್ಲರ ಚಿಂತೆ. ಉತ್ತರಿಸಿದವರು ರಿಫೈನರಿಯ ಹೈಡ್ರೋಜನ್ ಘಟಕದಲ್ಲಿ ಆಪರೇಟರ್ ಆಗಿ, ಆಮೇಲೆ ಶಿಫ್ಟ್ ಇನ್‌ಚಾರ್ಜ್ ಆಗಿ ದುಡಿದು ನಿವೃತ್ತರಾದವರು. ಕಾರ್ಮಿಕ ಸಂಘದ ಮಾತುಕತೆ ಸಮಿತಿಯಲ್ಲೂ ಇದ್ದವರು. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ನನಗೆ 44 ವರ್ಷ. ಭಾರದ ಎಣ್ಣೆಯನ್ನು ಒಡೆದು ಹಗುರ ಇಂಧನ ಮಾಡುವ ಕ್ರ್ಯಾಕಿಂಗ್ ಘಟಕದಲ್ಲಿ ಫೀಲ್ಡ್ ಆಪರೇಟರ್. ಕೆಲವೇ ವರ್ಷಗಳಲ್ಲಿ ಕಚ್ಚಾತೈಲ ನಿಲ್ಲಿಸಿ ಜೈವಿಕ ಇಂಧನಕ್ಕೆ ಹೋಗುತ್ತೇವೆ ಎಂದು ಮ್ಯಾನೇಜ್‌ಮೆಂಟ್ ಹೇಳುತ್ತಿದೆ. ಈಗಲೇ ಬಿಟ್ಟು ಬೇರೆ ಕಡೆ ಸೇರಲೇ, ಕಾಯಲೇ? ನನಗೆ ಇದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅದರಿಂದಲೇ ಶುರು ಮಾಡುತ್ತೇನೆ.

ಶಟ್‌ಡೌನ್, ಅಂದರೆ ದುರಸ್ತಿಗೆ ಘಟಕ ನಿಲ್ಲಿಸಿದ ಸಮಯದಲ್ಲಿ ಒಂದು ಪಾತ್ರೆಯೊಳಗೆ ಜನರನ್ನು ಇಳಿಸುವ ಮುಂಚೆ ನೀವು ಏನು ಮಾಡುತ್ತೀರಿ ಎಂದು ನೆನಪಿಸಿಕೊಳ್ಳಿ. ಮ್ಯಾನ್‌ಹೋಲ್ ಬಾಯಲ್ಲಿ ಮೀಟರ್ ಹಿಡಿದು ಒಂದು ರೀಡಿಂಗ್ ತೆಗೆದುಕೊಂಡು ಸಹಿ ಹಾಕಿ ಬರುವುದಿಲ್ಲ. ಉದ್ದದ ಟ್ಯೂಬ್ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಬೇರೆಬೇರೆಯಾಗಿ ನೋಡುತ್ತೀರಿ. ಯಾಕೆಂದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಆಮ್ಲಜನಕ ಶೇ 20.9 ತೋರಿಸಬೇಕು. ಅದಕ್ಕಿಂತ ಸ್ವಲ್ಪ ಇಳಿದರೂ 'ಯಾಕೆ ಇಳಿಯಿತು' ಎಂದು ಕೇಳುತ್ತೀರಿ, ಉತ್ತರ ಸಿಗುವವರೆಗೆ ಪರ್ಮಿಟ್ ಕೊಡುವುದಿಲ್ಲ. ಹೊರಗೆ ಹತ್ತು ಜನ ಕಾಯುತ್ತಿರಲಿ, ಪ್ಲಾನಿಂಗ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿರಲಿ. ಈ ಶಿಸ್ತು ಕಲಿಯಲು ವರ್ಷಗಳು ಬೇಕು. ಇದು ಕ್ರ್ಯಾಕಿಂಗ್ ಘಟಕಕ್ಕೆ ಮಾತ್ರ ಸಲ್ಲುವ ಕಸುಬೂ ಅಲ್ಲ. ಒತ್ತಡ, ಬಿಸಿ, ವಿಷಾನಿಲ ಇರುವ ಯಾವ ಸ್ಥಾವರಕ್ಕೂ ಇದೇ ಬೇಕು.

ಇನ್ನು ಹೈಡ್ರೋಜನ್. ಹಸಿರು ಹೈಡ್ರೋಜನ್, ಅಂದರೆ ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆದದ್ದು, ಅನ್ನುವ ಮಾತು ಈಗ ಎಲ್ಲೆಡೆ ಕೇಳಿಸುತ್ತದೆ. ಆದರೆ ಹೈಡ್ರೋಜನ್ ಜೊತೆ ದಿನನಿತ್ಯ ಬದುಕಿದವರು ಯಾರು? ನಾವೇ ಅಲ್ವಾ! ಜಗತ್ತಿನಲ್ಲಿ ಹೈಡ್ರೋಜನ್ ಅತಿ ಹೆಚ್ಚು ಬಳಸುವ ಕಡೆಗಳಲ್ಲಿ ರಿಫೈನರಿಗಳೇ ಮುಂದು, ವರ್ಷಕ್ಕೆ 4 ಕೋಟಿ ಟನ್‌ಗಿಂತ ಜಾಸ್ತಿ. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಎಷ್ಟು ಬೆರೆತರೂ ಅದು ಹೊತ್ತಿಕೊಳ್ಳುತ್ತದೆ. ಮೀಥೇನ್‌ನ ಲೆಕ್ಕ 5ರಿಂದ 15 ಮಾತ್ರ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಪೈಪ್ ಜೋಡಣೆಯ ಫ್ಲೇಂಜ್ ಹತ್ತಿರ ಸೋರಿಕೆಯ ಅನುಮಾನ ಬಂದರೆ ಹಳಬರು ಉದ್ದ ಹಿಡಿಯ ಪೊರಕೆಯನ್ನು ಮುಂದೆ ಚಾಚಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಪೊರಕೆಯ ತುದಿ ಹೊತ್ತಿಕೊಂಡರೆ ಅಲ್ಲೇ ಬೆಂಕಿ ಇದೆ ಎಂದು ಅರ್ಥ. ಈಗ ಅದಕ್ಕೆ ಡಿಟೆಕ್ಟರ್, ಕ್ಯಾಮೆರಾ ಇವೆ. ಆದರೆ ಕಾಣದ ಬೆಂಕಿ ಇರಬಹುದು ಅನ್ನುವ ಎಚ್ಚರ ಮೈಯಲ್ಲಿ ಇರಬೇಕು. ಹೊಸ ಹೈಡ್ರೋಜನ್ ಘಟಕ ಕಟ್ಟುವವರಿಗೆ ಇಂಥ ಜನ ಬೇಕೇ ಬೇಕು.

ಜೈವಿಕ ಇಂಧನದ ವಿಷಯಕ್ಕೆ ಬಂದರೆ, ಇದು ಸುಮ್ನೆ ಮಾತಲ್ಲ. ಇಟಲಿಯ ವೆನಿಸ್ ಹತ್ತಿರದ, ಎನಿ ಎಂಬ ತೈಲ ಕಂಪನಿಯ ಪೋರ್ಟೊ ಮಾರ್ಗೆರಾ ರಿಫೈನರಿ 2014ರಲ್ಲೇ ಕಚ್ಚಾತೈಲ ಬಿಟ್ಟು ಸಸ್ಯ ಎಣ್ಣೆ, ಕೊಬ್ಬುಗಳಿಗೆ ಬದಲಾಯಿತು. ಅದೇ ಕಂಪನಿಯ ಗೇಲಾ ರಿಫೈನರಿ 2019ರಲ್ಲಿ ಬದಲಾಯಿತು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಆಮ್ಲಜನಕ ತೆಗೆಯುವ ಕೆಲಸ ಅದು. ರಿಯಾಕ್ಟರ್, ಫರ್ನೇಸ್, ಕಂಪ್ರೆಸರ್ ಎಲ್ಲ ನಿಮಗೆ ಗೊತ್ತಿರುವವೇ. ಹೊಸದು ಅಂದರೆ ಕೊಬ್ಬಿನ ಆಮ್ಲಗಳು ಪೈಪ್ ತಿನ್ನುವ ರೀತಿ ಬೇರೆ, ರಿಯಾಕ್ಟರಿನಲ್ಲಿ ಏಳುವ ಬಿಸಿ ಜಾಸ್ತಿ. ಹಸಿರು ಇಂಧನ ಅಂದ ಮಾತ್ರಕ್ಕೆ ಅಪಾಯ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಯಾಲಿಫೋರ್ನಿಯಾದ ಮಾರ್ಟಿನೆಜ್‌ನಲ್ಲಿ ಹೀಗೆ ಬದಲಾದ ಘಟಕದಲ್ಲೇ 2023ರ ನವೆಂಬರಿನಲ್ಲಿ ಫರ್ನೇಸ್ ಟ್ಯೂಬ್ ಒಡೆದು ಒಬ್ಬ ಕೆಲಸಗಾರನಿಗೆ ಭೀಕರ ಸುಟ್ಟಗಾಯಗಳಾದವು.

ಹಾಗಾದರೆ ಭಯ ಬೇಡವೇ? ಬೇಕು, ಆದರೆ ಸರಿಯಾದ ವಿಷಯಕ್ಕೆ. ಅದೇ ಮಾರ್ಟಿನೆಜ್ ರಿಫೈನರಿ 2020ರಲ್ಲಿ ಕಚ್ಚಾತೈಲ ನಿಲ್ಲಿಸಿದಾಗ ಸಂಘದ ಸದಸ್ಯರಾಗಿದ್ದ 345 ಮಂದಿ ಕೆಲಸ ಕಳೆದುಕೊಂಡರು. ವರ್ಷದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಮಾತಾಡಿಸಿದರು. ನಾಲ್ವರಲ್ಲಿ ಸುಮಾರು ಮೂವರಿಗೆ ಬೇರೆ ಕೆಲಸ ಸಿಕ್ಕಿತ್ತು. ಆದರೆ ಗಂಟೆಗೆ 50 ಡಾಲರ್ ಇದ್ದ ನಡುಮಟ್ಟದ ಕೂಲಿ 38ಕ್ಕೆ ಇಳಿದಿತ್ತು. ಕಸುಬು ಅವರ ಜೊತೆ ಹೋಯಿತು. ಸಂಬಳ, ಸೀನಿಯಾರಿಟಿ, ಪಿಂಚಣಿ ಹೋಗಲಿಲ್ಲ. ನಿಮ್ಮ ಚಿಂತೆ ಇರಬೇಕಾದದ್ದು ಇಲ್ಲಿ.

ಅದಕ್ಕೇ ಈಗಲೇ ರಾಜೀನಾಮೆ ಕೊಡಬೇಡಿ. ತಾನಾಗಿ ಬಿಟ್ಟವನಿಗೆ ಪರಿಹಾರವೂ ಇಲ್ಲ, ಹೊಸ ಘಟಕದಲ್ಲಿ ಮೊದಲ ಹಕ್ಕೂ ಇಲ್ಲ. ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ನೀವು ನಡೆಸಿದ ಯಂತ್ರಗಳು, ಪಡೆದ ತರಬೇತಿ, ಕೊಟ್ಟ ಪರ್ಮಿಟ್‌ಗಳ ಬಗೆ, ಭಾಗವಹಿಸಿದ ಸ್ಟಾರ್ಟಪ್, ಶಟ್‌ಡೌನ್ ಎಲ್ಲವನ್ನೂ ಬರೆದು ಮೇಲಿನವರಿಂದ ಸಹಿ ಹಾಕಿಸಿಕೊಳ್ಳಿ. ನಮ್ಮ ತೊಂದರೆ ಇದೇ. ಒಳಗೆ ಎಲ್ಲರಿಗೂ ನಮ್ಮ ಕೆಲಸ ಗೊತ್ತು, ಗೇಟ್ ದಾಟಿದರೆ ತೋರಿಸಲು ಒಂದು ಕಾಗದ ಇರುವುದಿಲ್ಲ. ಸಹಿ ಹಾಕಬೇಕಾದವರೂ ಇನ್ನೆರಡು ವರ್ಷಕ್ಕೆ ಎಲ್ಲಿರುತ್ತಾರೋ ಏನೋ.

ಪ್ರಶ್ನೆ: ಸರ್, ನನ್ನ ಗಂಡ ರಿಫೈನರಿಯಲ್ಲಿ ಫಿಟ್ಟರ್. ಮುಚ್ಚುವ ಸುದ್ದಿ ಬಂದಾಗಿನಿಂದ ಮನೆಯಲ್ಲಿ ಮಾತೇ ಇಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದರೂ ಮಲಗುವುದಿಲ್ಲ. ಕೇಳಿದರೆ 'ಏನೂ ಇಲ್ಲ' ಅನ್ನುತ್ತಾರೆ. ನಾನು ಏನು ಮಾಡಲಿ?

ಉತ್ತರ: ಅಮ್ಮಾ, ಅವರು ನಿಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಹೆಚ್ಚಾಗಿ ಅವರಿಗೂ ಏನೂ ಗೊತ್ತಿರುವುದಿಲ್ಲ. ತಾರೀಕು ಗೊತ್ತಿಲ್ಲದಿರುವುದು ಕೆಲಸ ಹೋಗುವುದಕ್ಕಿಂತ ಜಾಸ್ತಿ ಹಿಂಸೆ ಕೊಡುತ್ತದೆ. ನನ್ನ ಶಿಫ್ಟಿನ ಗಟ್ಟಿಮುಟ್ಟಾದ ಆಳುಗಳೇ ಇಂಥ ಗಾಳಿಸುದ್ದಿಯ ದಿನಗಳಲ್ಲಿ ಕಂಗೆಟ್ಟದ್ದನ್ನು ನೋಡಿದ್ದೇನೆ.

'ಏನಾಯಿತು' ಎಂದು ಕೇಳುವ ಬದಲು ಒಂದು ರಜೆಯ ದಿನ ಇಬ್ಬರೂ ಕೂತು ಲೆಕ್ಕ ಹಾಕಿ. ತಿಂಗಳ ಖರ್ಚು ಎಷ್ಟು, ಸಾಲದ ಕಂತು ಎಷ್ಟು, ಅವರ ಆದಾಯದಲ್ಲಿ ಓವರ್‌ಟೈಮ್ ಮತ್ತು ಶಿಫ್ಟ್ ಭತ್ಯೆಯ ಪಾಲು ಎಷ್ಟು. ಬೇರೆ ಕೆಲಸಕ್ಕೆ ಹೋದವರಿಗೆ ಮೊದಲು ಇಲ್ಲವಾಗುವುದು ಅವೇ ಎರಡು. ಮೂಲ ಸಂಬಳದಲ್ಲೇ ಮನೆ ನಡೆಯುತ್ತದೆಯೇ ಎಂದು ಕೆಲವು ತಿಂಗಳು ಈಗಲೇ ನಡೆಸಿ ನೋಡಿ. ಹೊಸ ಸಾಲ ಬೇಡ. ಅಂಕಿ ಕಣ್ಣೆದುರು ಇದ್ದರೆ ಮಾತು ತಾನಾಗಿ ಬರುತ್ತದೆ.

ನಿದ್ದೆ ಇಲ್ಲದ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆಗೆಟ್ಟ ಫಿಟ್ಟರ್ ಬಿಸಿ ಪೈಪಿನ ಬೋಲ್ಟ್ ಬಿಚ್ಚುವುದು ಅವರಿಗೂ ಪಕ್ಕದವರಿಗೂ ಅಪಾಯ. ಹೀಗೇ ಮುಂದುವರಿದರೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಇದರಲ್ಲಿ ನಾಚಿಕೆ ಏನಿಲ್ಲ. ಅವರ ಗ್ಯಾಂಗಿನಲ್ಲಿ ಇದೇ ಚಿಂತೆ ಇರುವ ಮನೆಗಳು ಇನ್ನೂ ಇರುತ್ತವೆ. ಆ ಮನೆಯ ಹೆಂಗಸರ ಜೊತೆ ನೀವೂ ಮಾತಾಡಿ.

ಪ್ರಶ್ನೆ: ಅಣ್ಣಾ, ನಾನು ಕಂಟ್ರಾಕ್ಟ್ ಕೆಲಸಗಾರ. ಪೈಪಿಗೆ ಇನ್ಸುಲೇಶನ್ ಸುತ್ತುವುದು, ಹಳೆಯದನ್ನು ಕಿತ್ತುಹಾಕುವುದು ನನ್ನ ಕೆಲಸ. ಖಾಯಂ ಇರುವವರಿಗೆ ಏನೋ ಸಿಗಬಹುದು. ನಮ್ಮನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಉತ್ತರ: ನಿಮ್ಮ ಮಾತು ನಿಜ, ಅದು ನನಗೆ ಬಹಳ ನೋವು ಕೊಡುವ ನಿಜ. ರಿಫೈನರಿ ಮುಚ್ಚಿತು, ಇಷ್ಟು ಕೆಲಸ ಹೋಯಿತು ಎಂದು ಸುದ್ದಿ ಬಂದಾಗ ಆ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಕಂಪನಿಯ ಪಟ್ಟಿಯಲ್ಲಿರುವವರು ಮಾತ್ರ ಇರುತ್ತಾರೆ. ದೊಡ್ಡ ಶಟ್‌ಡೌನ್‌ಗೆ ಬರುವ ಸ್ಕ್ಯಾಫೋಲ್ಡರ್, ವೆಲ್ಡರ್, ರಿಗ್ಗರ್, ಪೇಂಟರ್, ಸ್ವಚ್ಛತೆಯವರು, ಕ್ಯಾಂಟೀನಿನವರು ಆ ಲೆಕ್ಕದಲ್ಲೇ ಇರುವುದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಘಟಕ ಬಿಚ್ಚಿದಾಗ ಖಾಯಂ ಜನರಿಗಿಂತ ಹೊರಗಿನವರೇ ಎಷ್ಟೋ ಪಟ್ಟು ಜಾಸ್ತಿ ಇರುತ್ತಾರೆ. ಆ ಶಟ್‌ಡೌನ್ ಇಲ್ಲವಾದರೆ ಅಷ್ಟೂ ಜನರ ಕೂಲಿ ಇಲ್ಲ.

ಹಾಗಾಗಿ ಮೊದಲು ನೀವು ಅಲ್ಲಿ ದುಡಿದಿದ್ದೀರಿ ಅನ್ನುವುದಕ್ಕೆ ಪುರಾವೆ ಮಾಡಿಕೊಳ್ಳಿ. ಗೇಟ್ ಪಾಸ್ ಎಸೆಯಬೇಡಿ. ಸೇಫ್ಟಿ ತರಬೇತಿಯ ಕಾರ್ಡ್, ಕೂಲಿ ಚೀಟಿ, ಹಾಜರಿಯ ನಕಲು, ಕಂಟ್ರಾಕ್ಟರ್ ಬದಲಾದಾಗಲೆಲ್ಲ ಹಳೆಯವರ ಪತ್ರ, ಎಲ್ಲವನ್ನೂ ಒಂದು ಕವರಿಗೆ ಹಾಕಿಡಿ, ಫೋಟೋ ತೆಗೆದೂ ಇಡಿ. ಪರಿಹಾರದ ಪಟ್ಟಿ ಮಾಡುವಾಗ ಕಂಟ್ರಾಕ್ಟರು ಮೂರು ಸಲ ಬದಲಾಗಿರಬಹುದು, ನೀವು ಮಾತ್ರ ಅದೇ ಪೈಪಿನ ಹತ್ತಿರ ಇದ್ದವರು. ಅದನ್ನು ತೋರಿಸಲು ಕಾಗದವೇ ಬೇಕು.

ಎರಡನೆಯದು ನಿಮ್ಮ ಆರೋಗ್ಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಳೆಯ ರಿಫೈನರಿಗಳ ಇನ್ಸುಲೇಶನ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಎದೆಗೆ ಹೋದರೆ ಕಾಯಿಲೆ ಹೊರಗೆ ಕಾಣಿಸಿಕೊಳ್ಳಲು 20, 30, ಒಮ್ಮೊಮ್ಮೆ 40 ವರ್ಷವೂ ಬೇಕು. ಕಚ್ಚಾತೈಲದಲ್ಲಿರುವ ಬೆಂಜೀನ್ ಎಂಬ ರಾಸಾಯನಿಕ ರಕ್ತದ ಕ್ಯಾನ್ಸರಿಗೆ ಕಾರಣ ಎನ್ನುವುದು ಸಾಬೀತಾದ ವಿಷಯ. ಅಷ್ಟು ವರ್ಷದ ಮೇಲೆ ಕೆಮ್ಮು ಶುರುವಾದಾಗ ರಿಫೈನರಿ ಇರುವುದಿಲ್ಲ, ಕಂಟ್ರಾಕ್ಟರ್ ಇರುವುದಿಲ್ಲ, ಮೆಡಿಕಲ್ ಸೆಂಟರಿನ ಕಡತ ಎಲ್ಲಿದೆಯೋ ಗೊತ್ತಿರುವುದಿಲ್ಲ. ನಿಮ್ಮ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ, ರಕ್ತ ಪರೀಕ್ಷೆಗಳ ನಕಲು ಈಗಲೇ ಕೇಳಿ ಪಡೆಯಿರಿ. ಪರೀಕ್ಷೆಯೇ ಮಾಡಿಸಿಲ್ಲವಾದರೆ ಮಾಡಿಸಿ ಎಂದು ಒಟ್ಟಾಗಿ ಬರೆದುಕೊಡಿ.

ಮುಚ್ಚಿದ ಮೇಲೂ ಕೆಲಸ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಪೈಪ್ ತೊಳೆಯುವುದು, ಘಟಕ ಕಳಚುವುದು, ಟ್ಯಾಂಕಿನ ಕೆಸರು ತೆಗೆಯುವುದು, ಎಣ್ಣೆ ಕುಡಿದ ಮಣ್ಣನ್ನು ಶುದ್ಧ ಮಾಡುವುದು ಎಲ್ಲ ಸೇರಿ ವರ್ಷಗಟ್ಟಲೆ ನಡೆಯುವ ಕೆಲಸ. ಯಾವ ಇನ್ಸುಲೇಶನ್ ಕೆಳಗೆ ಏನಿದೆ ಎಂದು ಗೊತ್ತಿರುವವರು ನೀವು. ಆ ಕೆಲಸಕ್ಕೆ ಹೊಸ ಕಂಪನಿ ಹೊಸಬರನ್ನು ಕಡಿಮೆ ಕೂಲಿಗೆ ತರುವ ಮುಂಚೆ ಅಲ್ಲಿಯ ಹಳೆಯ ಕಂಟ್ರಾಕ್ಟ್ ಕೆಲಸಗಾರರಿಗೇ ಮೊದಲ ಅವಕಾಶ ಎಂದು ಒಪ್ಪಂದದಲ್ಲಿ ಸೇರಬೇಕು. ಖಾಯಂ ಕೆಲಸಗಾರರ ಸಂಘ ಇದನ್ನು ತನ್ನ ಬೇಡಿಕೆ ಮಾಡಿಕೊಳ್ಳದಿದ್ದರೆ ಅದು ಅನ್ಯಾಯ. ಸಂಘದವರು ಇದನ್ನು ಓದುತ್ತಿದ್ದರೆ ಅವರಿಗೇ ಹೇಳುತ್ತಿದ್ದೇನೆ.

ಪ್ರಶ್ನೆ: ನೀವೂ ರಿಫೈನರಿ ಅನ್ನ ಉಂಡವರು. ಈಗ ಹಸಿರು ಇಂಧನ ಬರಲಿ ಅನ್ನುತ್ತೀರಿ. ಇದು ನಮ್ಮ ಹೊಟ್ಟೆಯ ಮೇಲೆ ಹೊಡೆದಂತೆ ಅಲ್ವಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಭೂಮಿ ಬಿಸಿಯಾಗುತ್ತಿರುವುದೂ ನಿಜ, ನಿಮ್ಮ ಮನೆ ನಡೆಯಬೇಕಾದದ್ದೂ ನಿಜ. ಎರಡರಲ್ಲಿ ಒಂದನ್ನು ಸುಳ್ಳು ಎನ್ನಲು ನನ್ನಿಂದ ಆಗದು.

ಈ ಎರಡನ್ನೂ ಒಟ್ಟಿಗೆ ಹಿಡಿದ ಮನುಷ್ಯ ನಮ್ಮವನೇ, ತೈಲ ಕೆಲಸಗಾರರ ನಾಯಕ. ಅಮೆರಿಕದ ಟೋನಿ ಮಝೋಕಿ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದವರು. ಯುದ್ಧದಿಂದ ಮರಳಿದ ಸೈನಿಕರಿಗೆ ಅಲ್ಲಿನ ಸರ್ಕಾರ 1944ರ ಕಾನೂನಿನಡಿ ಓದಿಗೆ ಹಣ, ಬದುಕಿಗೆ ಭತ್ಯೆ ಕೊಟ್ಟಿತ್ತು. ಮುಂದೆ 1980ರಲ್ಲಿ ವಿಷಪೂರಿತ ಜಾಗಗಳನ್ನು ಶುದ್ಧ ಮಾಡಲು 'ಸೂಪರ್‌ಫಂಡ್' ಕಾನೂನು ಬಂತು. ಮಣ್ಣಿಗೆ ನಿಧಿ ಇದೆಯಾದರೆ ಕೆಲಸಗಾರನಿಗೆ ಯಾಕೆ ಇಲ್ಲ ಎಂದು ಮಝೋಕಿ ವಾದ ಮಾಡಿದರು. ಪರಿಸರಕ್ಕಾಗಿ ಒಂದು ಉದ್ಯಮ ನಿಲ್ಲಿಸಬೇಕಾದರೆ ಅಲ್ಲಿಯ ಜನರಿಗೆ ಸಂಬಳ, ಓದು, ಆರೋಗ್ಯ ವಿಮೆ ಕೊಡಿ ಎಂಬುದು ಅವರ ಬೇಡಿಕೆ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಕೆಲಸಗಾರರಿಗೆ ನ್ಯಾಯವಾದ ಬದಲಾವಣೆ ಎಂಬ ಮಾತು ಇರುವುದು ಇಂಥ ಸಂಘಗಳ ಹೋರಾಟದಿಂದ. ನಾನು ಹಿಡಿದಿರುವ ದಾರಿಯೂ ಅದೇ. ಎಲ್ಲರ ಒಳ್ಳೆಯದಕ್ಕಾಗಿ ನಡೆಯುವ ಕೆಲಸದ ಖರ್ಚನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ಪ್ರಶ್ನೆ: ಸರ್, ನಾನು ನಮ್ಮ ಸಂಘದ ಕಾರ್ಯದರ್ಶಿ. ಮ್ಯಾನೇಜ್‌ಮೆಂಟ್ 'ಎಲ್ಲರಿಗೂ ಮರುತರಬೇತಿ ಕೊಡುತ್ತೇವೆ' ಎಂದು ಮಾತುಕತೆಗೆ ಕರೆದಿದೆ. ನಾವು ಮೊದಲು ಏನು ಕೇಳಬೇಕು?

ಉತ್ತರ: ತರಬೇತಿಯಿಂದ ಶುರು ಮಾಡಬೇಡಿ. ಅದು ಅವರಿಗೆ ಕೊಡಲು ಸುಲಭ. ತರಬೇತಿ ಮುಗಿದ ದಿನ ಎಲ್ಲಿ, ಯಾವ ಸಂಬಳಕ್ಕೆ ಸೇರುವುದು ಎಂಬ ಉತ್ತರ ಇಲ್ಲದಿದ್ದರೆ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಲು ಮಾತ್ರ.

ಮೊದಲು ತಾರೀಕು ಕೇಳಿ. ಯಾವ ಘಟಕ, ಯಾವಾಗ, ಆಮೇಲೆ ಆ ಜಾಗದಲ್ಲಿ ಏನು, ಅದಕ್ಕೆ ಎಷ್ಟು ಜನ. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಪಶ್ಚಿಮ ಆಸ್ಟ್ರೇಲಿಯಾದ ಕ್ವಿನಾನಾ ರಿಫೈನರಿಯನ್ನು ಇಂಧನ ಆಮದು ಟರ್ಮಿನಲ್ ಮಾಡುತ್ತೇವೆ ಎಂದು 2020ರಲ್ಲಿ ಘೋಷಿಸಿದರು. ಸುಮಾರು 650 ಜನ ಇದ್ದ ಕಡೆ ಟರ್ಮಿನಲ್‌ಗೆ ಬೇಕಾದವರು 60ರಷ್ಟು. 'ಮುಚ್ಚುತ್ತಿಲ್ಲ, ಬದಲಾಗುತ್ತಿದ್ದೇವೆ' ಎಂಬ ಮಾತಿನ ಹಿಂದೆ ಇಂಥ ಲೆಕ್ಕ ಇರಬಹುದು.

ಸ್ಕಾಟ್ಲೆಂಡಿನ ಗ್ರ್ಯಾಂಜ್‌ಮೌತ್ ಇನ್ನೊಂದು ಪಾಠ. 1924ರಿಂದ ನಡೆದ ರಿಫೈನರಿ. ನಿಲ್ಲಿಸುವ ಯೋಜನೆ 2023ರ ನವೆಂಬರಿನಲ್ಲೇ ಹೊರಬಿದ್ದಿತ್ತು. ಅಲ್ಲಿ ಮುಂದೆ ಏನು ಮಾಡಬಹುದು ಎಂದು ಒಂಬತ್ತು ದಾರಿ ತೋರಿಸಿದ 'ಪ್ರಾಜೆಕ್ಟ್ ವಿಲ್ಲೋ' ವರದಿ ಪ್ರಕಟವಾದದ್ದು 2025ರ ಮಾರ್ಚಿನಲ್ಲಿ. ಏಪ್ರಿಲ್ ಕೊನೆಗೆ ಕಚ್ಚಾತೈಲ ಸಂಸ್ಕರಣೆ ನಿಂತೇಹೋಯಿತು, 400ರಷ್ಟು ಕೆಲಸಕ್ಕೆ ಕುತ್ತು ಬಂತು. ವರದಿಯಲ್ಲಿ 800ರವರೆಗೆ ಹೊಸ ಕೆಲಸದ ಮಾತಿದೆ, ಅದೂ 2040ರ ಹೊತ್ತಿಗೆ. ಆ ಏಪ್ರಿಲ್‌ನಲ್ಲಿ ಸಂಬಳ ನಿಂತವನು 2040ರವರೆಗೆ ಹೇಗೆ ಕಾಯುತ್ತಾನೆ? ಹಳೆಯ ಕೆಲಸ ಮುಗಿಯುವ ದಿನಕ್ಕೂ ಹೊಸದು ಶುರುವಾಗುವ ದಿನಕ್ಕೂ ನಡುವಿನ ಆ ಕಂದಕದಲ್ಲೇ ಮನೆಗಳು ಮುಳುಗುವುದು. ಅದನ್ನು ತುಂಬುವ ಸಂಬಳದ ಭರವಸೆಯೇ ನಿಮ್ಮ ಮುಖ್ಯ ಬೇಡಿಕೆ ಆಗಲಿ. ಹೊಸ ಕೆಲಸದಲ್ಲಿ ಸಂಬಳ ಕಡಿಮೆ ಇದ್ದರೆ ವ್ಯತ್ಯಾಸವನ್ನು ಕೆಲವು ವರ್ಷ ತುಂಬಿಕೊಡಬೇಕು. ನಿವೃತ್ತಿ ಹತ್ತಿರ ಇರುವವರಿಗೆ ಪಿಂಚಣಿ ಕಡಿತವಿಲ್ಲದೆ ಬೇಗ ಬಿಡುವ ದಾರಿ ಇರಬೇಕು. ಆಗದ ಮಾತೇನಲ್ಲ. ಸ್ಪೇನ್‌ನಲ್ಲಿ 2018ರ ಅಕ್ಟೋಬರಿನಲ್ಲಿ ಕಲ್ಲಿದ್ದಲು ಗಣಿ ಮುಚ್ಚುವಾಗ ಸರ್ಕಾರ ಮತ್ತು ಸಂಘಗಳು ಒಪ್ಪಂದ ಮಾಡಿಕೊಂಡು, 48 ದಾಟಿದವರಿಗೆ ಮುಂಚಿತ ನಿವೃತ್ತಿ ಸೇರಿದಂತೆ 25 ಕೋಟಿ ಯೂರೋ ಯೋಜನೆ ಮಾಡಿದ್ದವು.

ಹಣ ಎಲ್ಲಿದೆ ಎಂದೂ ಕೇಳಿ. ಫಿಲಡೆಲ್ಫಿಯಾದ ದೊಡ್ಡ ರಿಫೈನರಿಯಲ್ಲಿ 2019ರ ಜೂನ್ 21ರಂದು ಸ್ಫೋಟವಾಯಿತು. ಸರಿಯಾಗಿ ಒಂದು ತಿಂಗಳಿಗೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಪರಿಹಾರ, ಆರೋಗ್ಯ ತಪಾಸಣೆ, ಜಾಗ ಶುದ್ಧಿಯ ಹಣ ಕಂಪನಿಯ ಖಾತೆಯಲ್ಲೇ ಇದ್ದರೆ ದಿವಾಳಿಯಾದ ದಿನ ನೀವು ಕಂಪನಿಗೆ ಸಾಲ ಕೊಟ್ಟವರ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ. ಅದನ್ನು ಬೇರೆ ಟ್ರಸ್ಟಿನಲ್ಲಿ, ಸಂಘದವರೂ ಸದಸ್ಯರಾಗಿರುವ ಕಡೆ ಇಡಿಸಿ.

ಇದೆಲ್ಲ ಈಗಲೇ ಆಗಬೇಕು, ಘಟಕ ಓಡುತ್ತಿರುವಾಗ. ಕೊನೆಯ ದಿನದವರೆಗೂ ಅನುಭವಸ್ಥರು ಕಂಟ್ರೋಲ್ ಬೋರ್ಡ್ ಮುಂದೆ ಕೂತಿರುವುದು ಮ್ಯಾನೇಜ್‌ಮೆಂಟ್‌ಗೂ ಬೇಕು, ಇಲ್ಲದಿದ್ದರೆ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲೂ ಆಗದು. ನಿಮ್ಮ ಮಾತಿಗೆ ಬೆಲೆ ಇರುವುದು ಅಲ್ಲಿಯವರೆಗೆ. ನಾವು ಮಾತುಕತೆಗೆ ಕೂತಾಗಲೂ ಬರವಣಿಗೆಯಲ್ಲಿ ಸಿಕ್ಕಿದ್ದಷ್ಟೇ ಉಳಿಯಿತು. ಬಾಯಿಮಾತಿನ ಭರವಸೆ ಕೊಟ್ಟ ಅಧಿಕಾರಿಗೆ ವರ್ಗವಾಯಿತು, ಬಂದವರು ನಮಗೆ ಗೊತ್ತಿಲ್ಲ ಅಂದರು. ಒಪ್ಪಂದದಲ್ಲಿ 'ಸಾಧ್ಯವಾದಷ್ಟು', 'ಪ್ರಯತ್ನಿಸಲಾಗುವುದು' ಎಂಬ ಪದಗಳು ಎಲ್ಲೆಲ್ಲಿವೆ ನೋಡಿ, ಒಂದೊಂದನ್ನೂ ತೆಗೆಸಿ. ರಿಫೈನರಿ ಮಾರಾಟವಾದರೆ ಕೊಂಡವರಿಗೂ ಈ ಒಪ್ಪಂದ ಅನ್ವಯ ಎಂಬ ಸಾಲು ಸೇರಿಸಲು ಮರೆಯಬೇಡಿ.

ಪ್ರಶ್ನೆ: ಸರ್, ಮಗ ರಿಫೈನರಿಯಲ್ಲಿ ಅಪ್ರೆಂಟಿಸ್ ಸೇರಬೇಕು ಅನ್ನುತ್ತಾನೆ. ಕಳಿಸಲೇ?

ಉತ್ತರ: ಕಳಿಸಿ. ಪೆಟ್ರೋಲ್ ಕಡಿಮೆಯಾದರೂ ವಿಮಾನದ ಇಂಧನ, ಡಾಂಬರು, ಪ್ಲಾಸ್ಟಿಕ್ಕಿನ ಕಚ್ಚಾ ವಸ್ತು ನಾಳೆಗೇ ನಿಲ್ಲುವುದಿಲ್ಲ. ಕಲಿಯಲು ಇಷ್ಟು ದೊಡ್ಡ ಶಾಲೆಯೂ ಇನ್ನೊಂದು ಸಿಗದು. ಆದರೆ ಇದೇ ಗೇಟಿನಲ್ಲಿ ನಿವೃತ್ತಿ ಆಗುತ್ತೇನೆ ಎಂದುಕೊಂಡು ಸೇರುವುದು ಬೇಡ. ಆಯ್ಕೆ ಇದ್ದರೆ ಅಳತೆ, ನಿಯಂತ್ರಣದ ಉಪಕರಣಗಳ ಕೆಲಸವಾದ ಇನ್‌ಸ್ಟ್ರುಮೆಂಟೇಶನ್ ಅಥವಾ ಎಲೆಕ್ಟ್ರಿಕಲ್ ಹಿಡಿಯಲಿ. ವಾಲ್ವ್, ಟ್ರಾನ್ಸ್‌ಮಿಟರ್, ಕಂಟ್ರೋಲ್ ಲೂಪ್ ಎಲ್ಲ ಔಷಧ ಕಾರ್ಖಾನೆಯಲ್ಲೂ, ನೀರು ಶುದ್ಧೀಕರಣದಲ್ಲೂ, ವಿದ್ಯುತ್ ಸ್ಥಾವರದಲ್ಲೂ ಒಂದೇ. ಹೊರಗಡೆಯೂ ನಡೆಯುವ ಸರ್ಟಿಫಿಕೇಟ್ ಸಿಗುತ್ತದೆಯೇ ಎಂದು ಸೇರುವ ಮುಂಚೆ ಕೇಳಿಕೊಳ್ಳಿ.